ದಂಡಿಗೆ ಹೋದ ಚಿಕ್ಕಪ್ಪನ ಹೆಸರು

ಸಾರಕ್ಕಿ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ನನ್ನ ಚಿಕ್ಕಮ್ಮನ ಮನೆ. ಹೋದ ಚಳಿಗಾಲದ ಒಂದು ಬೆಳಗ್ಗೆ ಅಲ್ಲಿಗೆ ಹೋದಾಗ ಅವರು ಹೊಸಿಲ ಬಳಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು. ಕಣ್ಣು ಎದುರಿನ ಗೋಡೆಯ ಕಡೆಗಿತ್ತು, ಹುಳುಕು ಕಾಳನ್ನು ಬೆರಳುಗಳೇ ಹುಡುಕಿ ಪಕ್ಕಕ್ಕೆ ಹಾಕುತ್ತಿದ್ದವು. ಹಿಂದಿನ ದಿನ ಮಗಳು ಅವರನ್ನು ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋಗಿದ್ದಳು. ಹೋಗಿರುವ ದೃಷ್ಟಿ ವಾಪಸು ಬರುವುದಿಲ್ಲ, ಉಳಿದಿರುವುದೂ ನಿಧಾನವಾಗಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು.

"ಪೂರ್ತಿ ಹೋಗೋದ್ರೊಳಗೆ ಒಂದು ನೋಡ್ಬೇಕು ಕಣೋ," ಎಂದರು ಚಿಕ್ಕಮ್ಮ.

"ಏನು ಚಿಕ್ಕಮ್ಮ, ತಿರುಪತಿನಾ?"

"ತಿರುಪತಿ ನೋಡಿದ್ದಾಯ್ತು. ಅವರ ಹೆಸರು. ನೀನು ಕಲ್ಲಿನ ಮೇಲೆ ನೋಡಿದ್ದೀಯಲ್ಲ, ನಂಗೂ ತೋರಿಸು."

ಅವರು ಎಂದರೆ ಚಿಕ್ಕಪ್ಪ, ನನ್ನ ತಂದೆಯ ತಮ್ಮ. ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದವರು, ಎಪ್ಪತ್ತೊಂದರ ಯುದ್ಧದಲ್ಲಿ ತೀರಿಕೊಂಡರು. ಆಗ ಚಿಕ್ಕಮ್ಮನಿಗೆ ಇಪ್ಪತ್ತು ತುಂಬಿತ್ತೋ ಇಲ್ಲವೋ. ಮಡಿಲಲ್ಲಿ ಹೆಣ್ಣು ಮಗು. ಅಂದಿನಿಂದ ಇಂದಿನವರೆಗೆ ಅವರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದ್ದನ್ನು ನಾವು ಯಾರೂ ಕೇಳಿಲ್ಲ. ಗಂಡ ಬದುಕಿದ್ದಾಗ ಹೇಳಬಾರದು ಎಂಬುದು ಅವರ ಕಾಲದ ಎಲ್ಲ ಹೆಂಗಸರಿಗೂ ಇದ್ದ ಕಟ್ಟಳೆ. ಗಂಡ ಹೋದ ಮೇಲೂ ಅದನ್ನು ಬಿಡದವರು ನನಗೆ ಗೊತ್ತಿರುವಂತೆ ಇವರೊಬ್ಬರೇ. ಬ್ಯಾಂಕಿನಲ್ಲಿ ಕೇಳಿದರೂ ಮಗಳ ಕಡೆ ತಿರುಗಿ, "ನಿಮ್ಮಪ್ಪನ ಹೆಸರು ಹೇಳೇ" ಅನ್ನುತ್ತಾರೆ. ನಾನೂ ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಕಲ್ಲಿನ ಮೇಲೆ ಅದನ್ನು ನಾನು ನೋಡಿದ್ದೇನೆ. ನೋಡಿದ್ದೇನೆ ಎಂದು ಬಹಳ ವರ್ಷಗಳಿಂದ ಹೇಳುತ್ತ ಬಂದಿದ್ದೇನೆ ಎಂದರೆ ಹೆಚ್ಚು ಸರಿ. ನನಗಾಗ ಹತ್ತು ಹನ್ನೊಂದು ವಯಸ್ಸು. ಅಪ್ಪ ಬಸ್ಸಿನಲ್ಲಿ ಎಲ್ಲಿಗೋ ಕರೆದುಕೊಂಡು ಹೋದರು. ತಲೆ ತಗ್ಗಿಸಿ, ಬಂದೂಕನ್ನು ತಲೆಕೆಳಗಾಗಿ ಹಿಡಿದು ನಿಂತ ಒಬ್ಬ ಸಿಪಾಯಿಯ ಪ್ರತಿಮೆ. ಅದರ ಕೆಳಗೆ ಕಪ್ಪು ಕಲ್ಲು, ಕಲ್ಲಿನ ತುಂಬ ಹೆಸರುಗಳು. ಅಪ್ಪ ನನ್ನನ್ನು ಎತ್ತಿ ಹಿಡಿದು, ನನ್ನ ಬೆರಳನ್ನು ಅಕ್ಷರಗಳ ಮೇಲೆ ಓಡಿಸಿ, "ನೋಡು, ಚಿಕ್ಕಪ್ಪ" ಎಂದರು. ಮಳೆ ನಿಂತು ಕಲ್ಲು ಇನ್ನೂ ಒದ್ದೆಯಾಗಿತ್ತು. ಇಷ್ಟು ನನ್ನ ನೆನಪು.

ಈ ನೆನಪಿಗೆ ನಮ್ಮ ಮನೆತನದಲ್ಲಿ ಒಂದು ಬೆಲೆ ಇತ್ತು. ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟು ಎಲ್ಲರೂ ಊಟಕ್ಕೆ ಕುಳಿತಾಗ ನಮ್ಮ ದೂರದ ಸಂಬಂಧಿಯೊಬ್ಬರು ಪ್ರತಿಸಲವೂ ಒಂದು ಮಾತು ಆಡುತ್ತಿದ್ದರು: "ಅವನೇನು ಗನ್ ಹಿಡಿದೋನಾ? ಬೇಳೆ ಅಕ್ಕಿ ಸಾಗಿಸ್ತಿದ್ದ. ಡ್ರೈವರುಗಳ ಹೆಸರೆಲ್ಲ ಯಾರು ಕೆತ್ತಿಸ್ತಾರೆ?" ಆಗ ಚಿಕ್ಕಮ್ಮ ಬಡಿಸುವುದನ್ನು ನಿಲ್ಲಿಸದೆ ನನ್ನ ಕಡೆ ತೋರಿಸಿ, "ಅವನೇ ನೋಡಿದಾನೆ, ಕೇಳಿ" ಅನ್ನುತ್ತಿದ್ದರು. ನಾನು "ಹೌದು, ನೋಡಿದೀನಿ" ಅನ್ನುತ್ತಿದ್ದೆ. ನಾನು ಓದಿದವನು, ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವನು. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಈಗ ಅವರೇ ತೋರಿಸು ಅನ್ನುತ್ತಿದ್ದರು.

"ಎಲ್ಲಿ ಅಂತ ಸರಿಯಾಗಿ ನೆನಪಿಲ್ಲ ಚಿಕ್ಕಮ್ಮ," ಎಂದೆ. "ಆದರೆ ಊರಿನ ಆ ಕಡೆ ಈಗೊಂದು ದೊಡ್ಡ ಸ್ಮಾರಕ ಆಗಿದೆ. ಸ್ವಾತಂತ್ರ್ಯ ಬಂದ ಮೇಲೆ ಸತ್ತವರ ಹೆಸರೆಲ್ಲ ಅಲ್ಲಿದೆಯಂತೆ. ನಾಳೆ ನಾನು ಹೋಗಿ ಮೊದಲು ನೋಡ್ಕೊಂಡು ಬರ್ತೀನಿ, ಆಮೇಲೆ ನಿಮ್ಮನ್ನ..."

"ಬೇಡ."

"ಯಾಕೆ?"

"ನೀನು ಮೊದಲೇ ಹೋಗಿ ಇಲ್ಲ ಅಂತ ತಿಳ್ಕೊಂಡ್ರೆ, ನನ್ನ ಕರ್ಕೊಂಡು ಹೋಗೋದೇ ಇಲ್ಲ. ಇವತ್ತು ಮಳೆ, ನಾಳೆ ಬಂದ್ ಅಂತ ದಿನ ತಳ್ತೀಯ. ಇದ್ರೂ ಒಟ್ಟಿಗೆ ನೋಡೋಣ, ಇಲ್ದಿದ್ರೂ ಒಟ್ಟಿಗೆ ನೋಡೋಣ."

ನನ್ನನ್ನು ಅವರು ಚೆನ್ನಾಗಿ ಬಲ್ಲರು.

ಹೀಗೆ ಆ ದೊಡ್ಡ ಸ್ಮಾರಕಕ್ಕೆ ನಾನು ಮುಂಚೆ ಹೋಗಲಿಲ್ಲ. ಆದರೆ ನಾನು ಹುಡುಗನಾಗಿದ್ದಾಗ ಅದನ್ನು ಕಟ್ಟಿರಲೇ ಇಲ್ಲ. ಹಾಗಾದರೆ ಅಪ್ಪ ನನ್ನನ್ನು ಎತ್ತಿ ಹಿಡಿದದ್ದು ಎಲ್ಲಿ? ಅದನ್ನು ಹುಡುಕಲು ಚಿಕ್ಕಮ್ಮನ ಅಡ್ಡಿ ಇರಲಿಲ್ಲ. ಮನೆಯಲ್ಲಿ ಕೂರಲಾಗದ ನಿವೃತ್ತ ಮನುಷ್ಯ ನಾನು. ಮೆಟ್ರೊ ಕಾರ್ಡು, ನೀರಿನ ಬಾಟಲಿ ಹಿಡಿದು ಹೊರಟೆ.

ನಮ್ಮ ಜಯನಗರ, ಬನಶಂಕರಿ, ಸಿದ್ದಾಪುರದ ಹಳೆಯ ಜನ ಊರಿನ ಆಚೆ ಭಾಗವನ್ನು ದಂಡು ಎಂದು ಕರೆಯುತ್ತಿದ್ದರು. ಬ್ರಿಟಿಷರ ಸೈನ್ಯ ಬೀಡುಬಿಟ್ಟ ಜಾಗ. ಸೈನ್ಯಕ್ಕೂ ದಂಡು ಎಂದೇ ಹೆಸರು. ಚಿಕ್ಕಪ್ಪ ಸೈನ್ಯಕ್ಕೆ ಸೇರಲು ಹೊರಟ ದಿನ ಅಜ್ಜಿಗೆ ನಮಸ್ಕಾರ ಮಾಡಿ, "ದಂಡಿಗೆ ಹೋಗ್ತಿದೀನಿ ಕಣಮ್ಮ" ಅಂದರಂತೆ. ಅಜ್ಜಿ ಒಲೆಯಿಂದ ತಲೆ ಎತ್ತದೆ, "ಹಂಗಾದ್ರೆ ಬರ್ತಾ ಅಲ್ಲಿಂದ ಒಂದು ಒಳ್ಳೆ ಜರಡಿ ತಗೊಂಡು ಬಾ" ಅಂದರಂತೆ. ಮೊದಲ ರಜಕ್ಕೆ ಬಂದಾಗ ಚಿಕ್ಕಪ್ಪ ಟ್ರಂಕಿನಿಂದ ಬಟ್ಟೆ ತೆಗೆಯುವ ಮೊದಲು ಜರಡಿ ತೆಗೆದು ಕೊಟ್ಟರಂತೆ. ಅಂತೆ ಎಂದು ಬರೆಯುತ್ತಿದ್ದೇನೆ, ಏಕೆಂದರೆ ಇದನ್ನು ಹೇಳಿದ ಅಪ್ಪ ಕತೆ ಚೆಂದ ಮಾಡುವುದರಲ್ಲಿ ನಿಸ್ಸೀಮರು.

ದಂಡಿನ ಕಡೆಯ ಅಂಗಡಿ ಬೀದಿಯ ಮೂಲೆಯಲ್ಲಿರುವ ಹಳೆಯ ಯುದ್ಧಸ್ಮಾರಕದ ಕಂಬಕ್ಕೆ ಮೊದಲು ಹೋದೆ. ಸುತ್ತ ಸ್ಕೂಟರು, ಆಟೊ, ಐಸ್‌ಕ್ರೀಮು ಹಿಡಿದ ಜನ. ಕಂಬದ ಮೇಲೆ ಇಲ್ಲಿಯ ಸಿಪಾಯಿಗಳು ಹೋಗಿ ಸತ್ತ ದೂರ ದೂರದ ದೇಶಗಳ ಹೆಸರುಗಳಿದ್ದವು. ಜನರ ಹೆಸರು ನನಗೆ ಕಾಣಲಿಲ್ಲ. ಅದು ನೂರು ವರ್ಷಕ್ಕೂ ಹಿಂದಿನ ಯುದ್ಧದ್ದು, ನನ್ನ ನೆನಪಿನ ಕಲ್ಲು ಆಗುವಂತೆಯೇ ಇರಲಿಲ್ಲ. ಆದರೂ ಬೇಗ ಹೊರಡಲು ಮನಸ್ಸಾಗಲಿಲ್ಲ. ಸಮುದ್ರವನ್ನೇ ನೋಡದ ಊರುಗಳಿಂದ ಹೊರಟು ಹಡಗು ಹತ್ತಿ, ಮರಳುಗಾಡಿನಲ್ಲಿ ರಸ್ತೆ ಕಡಿದವರು ಅವರು. ಯಾರದೋ ಸಾಮ್ರಾಜ್ಯಕ್ಕಾಗಿ ಹೋದರು ಎಂದು ತರಗತಿಯಲ್ಲಿ ನಾನೇ ಎಷ್ಟೋ ಸಲ ಕೊಂಕಾಗಿ ಹೇಳಿದ್ದೇನೆ. ಅದು ಸುಳ್ಳಲ್ಲ. ಆದರೆ ಅಲ್ಲಿ ನಿಂತಾಗ ಆ ಸಾಮ್ರಾಜ್ಯಕ್ಕಿಂತ ಆ ಗುದ್ದಲಿ ಹಿಡಿದ ಕೈಗಳೇ ಹೆಚ್ಚು ನಿಜ ಅನ್ನಿಸಿತು.

ಇನ್ನೊಂದು ದಿನ ಕುದುರೆ ಸವಾರರ ಸ್ಮಾರಕ. ಮತ್ತೊಂದು ದಿನ ಬೇಗೂರಿನ ಕಡೆಯ ವೀರಗಲ್ಲುಗಳು. ಕತ್ತಿ ಎತ್ತಿದ ವೀರ ಕೆಳಗೆ, ಅಪ್ಸರೆಯರು ಅವನನ್ನು ಕರೆದೊಯ್ಯುವುದು ಮೇಲೆ. ಅವುಗಳಲ್ಲೊಂದಕ್ಕೆ ಯಾರೋ ಅರಿಶಿನ ಬಳಿದು, ಹೂವು ಮುಡಿಸಿದ್ದರು. ಯಾರ ಕಲ್ಲು ಎಂದು ಅಲ್ಲಿಯ ಹೆಂಗಸೊಬ್ಬರನ್ನು ಕೇಳಿದೆ. "ನಮ್ಮನೆ ದೇವರು ಸಾರ್, ನೀವು ಯಾರ ಕಡೆಯವ್ರು?" ಎಂದು ಆಕೆ ನನ್ನನ್ನೇ ಕೇಳಿದರು. ಸತ್ತವನ ಹೆಸರು ಹೋಗಿ ಎಷ್ಟೋ ಕಾಲವಾಗಿದೆ. ಹೂವು ಮಾತ್ರ ಆ ಬೆಳಗಿನದು.

ಜೆ.ಪಿ. ನಗರದಲ್ಲಿ, ನಮ್ಮ ಮನೆಗೆ ಹೆಚ್ಚು ದೂರವಿಲ್ಲದ ಒಂದು ವೃತ್ತದಲ್ಲಿ, ಬಡಾವಣೆಯ ಯುವಕರು ಸೇರಿ ನಿಲ್ಲಿಸಿದ ಸಿಪಾಯಿಯೊಬ್ಬನಿದ್ದಾನೆ. ಸಿಮೆಂಟಿನ ಪ್ರತಿಮೆ. ವರ್ಷಕ್ಕೊಮ್ಮೆ ಆಗಸ್ಟಿನಲ್ಲಿ ಹಸಿರು ಬಣ್ಣ ಬಳಿಯುತ್ತಾರೆ, ಮೀಸೆಗೆ ಕಪ್ಪು ಬಳಿಯುವವನಿಗೆ ಉತ್ಸಾಹ ಹೆಚ್ಚಾಗಿ ಮೀಸೆ ವರ್ಷದಿಂದ ವರ್ಷಕ್ಕೆ ಕೆನ್ನೆಯ ಕಡೆ ಬೆಳೆಯುತ್ತಿದೆ. ನಾನು ಅದರ ಮುಂದೆ ಎಷ್ಟೋ ಸಲ ನಗುತ್ತ ದಾಟಿದ್ದೇನೆ. ಈ ಸಲ ನಿಂತು ನೋಡಿದೆ. ಪಕ್ಕದಲ್ಲಿ ಒಬ್ಬ ಹುಡುಗಿ ಫೋನಿನಲ್ಲಿ, "ಮಗಾ, ಗನ್ ಅಂಕಲ್ ಹತ್ರ ಇದೀನಿ, ಬೇಗ ಬಾ" ಅನ್ನುತ್ತಿದ್ದಳು. ಹೂವು ಮಾರುವಾಕೆ ಬುಟ್ಟಿ ಎತ್ತುವ ಮುನ್ನ ಉಳಿದ ಮಲ್ಲಿಗೆಯ ತುಂಡೊಂದನ್ನು ಬಂದೂಕಿನ ನಳಿಗೆಗೆ ಸುತ್ತಿ ಹೋದಳು. ದಿನಾ ಹಾಗೆ ಮಾಡುತ್ತಾಳಂತೆ. ಏಕೆ ಎಂದು ಕೇಳಿದ್ದಕ್ಕೆ, "ಬಿಸಿಲಲ್ಲಿ ನಿಂತಿರ್ತಾನಲ್ಲ ಸಾರ್" ಎಂದಳು. ಆ ಸಿಪಾಯಿಯ ಬಂದೂಕು ಮೇಲ್ಮುಖವಾಗಿತ್ತು, ಕೆಳಗೆ ಹೆಸರುಗಳ ಕಲ್ಲು ಇರಲಿಲ್ಲ. ನಾನು ಹುಡುಕುತ್ತಿದ್ದುದು ಅಲ್ಲೂ ಸಿಗಲಿಲ್ಲ.

ತಲೆ ತಗ್ಗಿಸಿದ ಸಿಪಾಯಿ ಈ ಊರಿನಲ್ಲಿ ನನಗೆ ಎಲ್ಲೂ ಸಿಗಲಿಲ್ಲ. ಇದ್ದದ್ದನ್ನು ತೆಗೆದುಹಾಕಿರಬಹುದು. ಬೇರೆ ಊರಿನದಾಗಿರಬಹುದು. ಶಾಲೆಯ ಪುಸ್ತಕದ ಚಿತ್ರವನ್ನೂ ಅಪ್ಪನ ಜೊತೆಗಿನ ಯಾವುದೋ ಬಸ್ಸಿನ ಪ್ರಯಾಣವನ್ನೂ ನಾನೇ ಹೊಲಿದುಕೊಂಡಿರಬಹುದು. ಬೆರಳ ತುದಿಯಲ್ಲಿ ಒದ್ದೆ ಕಲ್ಲಿನ ತಣ್ಣಗಿನ ಸ್ಪರ್ಶ ಈಗಲೂ ಇದೆ, ಆದರೆ ಸ್ಪರ್ಶವನ್ನು ಸಾಕ್ಷಿಗೆ ಕರೆಯುವುದು ಹೇಗೆ? ಇಷ್ಟು ವರ್ಷ ಚಿಕ್ಕಮ್ಮ ಆ ದೂರದ ಸಂಬಂಧಿಯ ಎದುರು ತಲೆ ಎತ್ತಿ ಬಡಿಸಿದ್ದು ನನ್ನ ಈ ಮಾತಿನ ಮೇಲೆ. ಹೊಸ ಸ್ಮಾರಕದಲ್ಲೂ ಹೆಸರಿಲ್ಲದಿದ್ದರೆ ಅವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕಾಗಿ ಅಲ್ಲಿಗೆ ತಲುಪುವ ಮೊದಲೇ ಹೇಳಿಬಿಡಬೇಕೆಂದುಕೊಂಡೆ.

ಒಂದು ಭಾನುವಾರ ಬೆಳಗ್ಗೆ ಕ್ಯಾಬು ಬಂತು. ಹಿಂದಿನ ಸೀಟಿನಲ್ಲಿ ಚಿಕ್ಕಮ್ಮ ಮತ್ತು ಅವರ ಮಗಳು. ಅವಳು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ, ತಂದೆಯನ್ನು ಫೋಟೊದಲ್ಲಿ ಮಾತ್ರ ನೋಡಿದವಳು. ಚಿಕ್ಕಮ್ಮ ಮದುವೆಮನೆಗೆ ಹೊರಟವರಂತೆ ಅಂಚಿರುವ ರೇಷ್ಮೆ ಸೀರೆ ಉಟ್ಟಿದ್ದರು.

"ಚಿಕ್ಕಮ್ಮ, ಒಂದು ಮಾತು," ಎಂದೆ ಮುಂದಿನ ಸೀಟಿನಿಂದ ತಿರುಗಿ. "ನಾನು ಚಿಕ್ಕವನಿದ್ದಾಗ ನೋಡಿದ್ದು ಈ ಸ್ಮಾರಕ ಅಲ್ಲ. ಇದು ಈಚೆಗೆ ಕಟ್ಟಿದ್ದು. ನಾನು ನೋಡಿದ ಕಲ್ಲು ಎಲ್ಲೂ ಸಿಗ್ತಿಲ್ಲ. ನೋಡಿದ್ದೀನೋ ಇಲ್ವೋ ಅಂತಲೇ ಈಗ ಅನುಮಾನ."

ಚಿಕ್ಕಮ್ಮ ಸ್ವಲ್ಪ ಯೋಚಿಸಿದರು. "ಹಂಗಾದ್ರೆ ಎರಡು ಕಡೆ ಇರುತ್ತೆ ಬಿಡು," ಎಂದರು.

ಅವರ ಮಗಳು ಕಿಟಕಿಯ ಕಡೆ ತಿರುಗಿ ನಕ್ಕಳು. "ಅಣ್ಣ, ನಿನ್ನ ಅನುಮಾನ ಎಲ್ಲ ಅಮ್ಮನ ಹತ್ರ ನಡೆಯಲ್ಲ."

ಡ್ರೈವರು ಕನ್ನಡಿಯಲ್ಲಿ ನೋಡಿದ. "ಯಾರನ್ನ ನೋಡೋಕೆ ಆಂಟಿ, ಮಿಲಿಟ್ರಿ ಕಡೆ?"

"ನಮ್ಮನೆಯವ್ರನ್ನ."

"ಓ, ಸಾರ್ ಮಿಲಿಟ್ರೀಲಿದಾರಾ? ಇಲ್ಲೇ ಪೋಸ್ಟಿಂಗಾ?"

"ಹೂಂ ಕಣಪ್ಪ. ಈಗ ಇಲ್ಲೇ ಅಂತಾರೆ, ನೋಡ್ಬೇಕು."

ಮಗಳ ನಗು ನಿಂತಿತು. ಡ್ರೈವರು, "ಸೂಪರ್ ಆಂಟಿ, ಅವರ ಕ್ಯಾಂಟೀನಲ್ಲಿ ಎಲ್ಲ ಚೀಪಾಗಿ ಸಿಗುತ್ತೆ" ಎಂದು ಹಾರನ್ ಹೊಡೆದ.

ಸ್ಮಾರಕ ದೊಡ್ಡದೊಂದು ತೋಪಿನೊಳಗಿದೆ. ಹಳೆಯ ಮರಗಳನ್ನು ಹಾಗೇ ಬಿಟ್ಟು ನಡುವೆ ದಾರಿ ಮಾಡಿದ್ದಾರೆ. ದಾರಿಯ ಪಕ್ಕದಲ್ಲಿ ನಿಜವಾದ ಟ್ಯಾಂಕು, ಅದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದ ಒಂದು ಸಂಸಾರ. ಅದನ್ನು ದಾಟಿದ ಮೇಲೆ ಆಳೆತ್ತರದ ಗ್ರಾನೈಟ್ ಹಲಗೆಗಳು ಸಾಲಾಗಿ ನಿಂತಿದ್ದವು. ದೂರದಿಂದ ಬರಿಯ ಕಲ್ಲು. ಹತ್ತಿರ ಹೋದರೆ ಮೇಲಿನಿಂದ ಕೆಳಗಿನವರೆಗೆ ಹೆಸರು, ಹೆಸರಿನ ಪಕ್ಕದಲ್ಲಿ ಹುದ್ದೆ, ಪಡೆ. ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು ಅಕ್ಷರಗಳ ಗಾತ್ರ. ದೊಡ್ಡ ಅಧಿಕಾರಿಯ ಹೆಸರಿಗೂ ಅಡುಗೆಯವನ ಹೆಸರಿಗೂ ಒಂದೇ ಅಳತೆ. ಪ್ರತಿಮೆ ಎಂದರೆ ಮೊದಲು ಕೆಳಗಿನ ಹಲಗೆಯಲ್ಲಿ ಉದ್ಘಾಟಿಸಿದವರ ಹೆಸರು ಎಷ್ಟು ದೊಡ್ಡದಿದೆ ಎಂದು ನೋಡುವ ಚಟ ನನ್ನದು. ಇಲ್ಲಿ ಆ ಚಟಕ್ಕೆ ಕೆಲಸವಿರಲಿಲ್ಲ.

ಚಿಕ್ಕಮ್ಮನನ್ನು ನೆರಳಿನ ಕಲ್ಲುಬೆಂಚಿನ ಮೇಲೆ ಕೂರಿಸಿ ನಾವಿಬ್ಬರೂ ಎಪ್ಪತ್ತೊಂದರ ಹಲಗೆಗಳ ಬಳಿಗೆ ಹೋದೆವು. ಹೆಸರುಗಳು ಇಂಗ್ಲಿಷ್ ಅಕ್ಷರಗಳ ಅನುಕ್ರಮದಲ್ಲಿದ್ದವು. ಚಿಕ್ಕಪ್ಪನ ಹೆಸರಿನ ಅಕ್ಷರಕ್ಕೆ ಹೋಗಿ ನಾನು ಮೇಲಿನಿಂದ ಓದಿದೆ, ತಂಗಿ ಕೆಳಗಿನಿಂದ ಓದಿದಳು. ಅದೇ ಹೆಸರಿನವರು ಹಲವರಿದ್ದರು. ಒಬ್ಬರು ಫಿರಂಗಿ ದಳ, ಒಬ್ಬರು ಕಾಲಾಳು, ಒಬ್ಬರು ಸಿಗ್ನಲ್ಸ್. ಚಿಕ್ಕಪ್ಪನಂತೆ ಸರಬರಾಜಿನ ಪಡೆಯವರು ಯಾರೂ ಇರಲಿಲ್ಲ. ಮತ್ತೆ ಓದಿದೆವು. ಕಾಗುಣಿತ ಹೆಚ್ಚು ಕಡಿಮೆ ಮಾಡಿಯೂ ಓದಿದೆವು.

ತಂಗಿ ದನಿ ತಗ್ಗಿಸಿದಳು. "ಅಣ್ಣ, ಅಮ್ಮಂಗೆ ಪಡೆ ಗಿಡೆ ಎಲ್ಲ ಕಾಣಲ್ಲ. ಇವರಲ್ಲಿ ಒಬ್ಬರನ್ನ ತೋರಿಸಿ ಇದೇ ಅಂದುಬಿಡೋಣ್ವಾ?"

ಆ ಕ್ಷಣ ನನಗೆ ಅಪ್ಪ ನೆನಪಾದರು. ಅವರೂ ಹೀಗೆಯೇ ಮಾಡಿದ್ದರೇ? ಎಲ್ಲೋ ಒಂದು ಕಲ್ಲಿನ ಮೇಲೆ, ಯಾವುದೋ ಹಳೆಯ ಯುದ್ಧದಲ್ಲಿ ಸತ್ತ, ತಮ್ಮನದೇ ಹೆಸರಿನ ಇನ್ಯಾರನ್ನೋ ಕಂಡು, ಮಗನ ಬೆರಳನ್ನು ಅದರ ಮೇಲೆ ಓಡಿಸಿದ್ದರೇ? ತಮ್ಮನ ದೇಹವನ್ನೂ ನೋಡದ ಮನುಷ್ಯ ಹಾಗೆ ಮಾಡಿದ್ದರೆ ಆಶ್ಚರ್ಯವಿಲ್ಲ. ಹಾಗೆ ಮಾಡಿದ್ದರು ಎನ್ನಲು ನನ್ನಲ್ಲಿ ಆಧಾರವೂ ಇಲ್ಲ. ಆದರೆ ಹತ್ತು ವರ್ಷದ ಹುಡುಗನಿಗೆ ಸಾಕಾದದ್ದು ಚಿಕ್ಕಮ್ಮನಿಗೆ ಸಾಲದು.

"ಬೇಡ," ಎಂದೆ. "ಇದ್ದ ಹಾಗೆ ಹೇಳೋಣ. ಒಟ್ಟಿಗೆ ನೋಡೋಣ ಅಂದಿದಾರೆ."

ಬೆಂಚಿನ ಬಳಿಗೆ ಬಂದು ಅವರ ಪಕ್ಕದಲ್ಲಿ ಕುಳಿತೆ. "ಸಿಗ್ಲಿಲ್ಲ ಚಿಕ್ಕಮ್ಮ."

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಆಮೇಲೆ, "ಯಾವ ಹೆಸರಲ್ಲಿ ನೋಡ್ದೆ?" ಎಂದರು.

"ಅವರ ಹೆಸರಲ್ಲೇ. ಇನ್ಯಾವ ಹೆಸರಲ್ಲಿ ನೋಡ್ಲಿ?"

"ಅಲ್ಲಿ ಅವರನ್ನ ಆ ಹೆಸರಲ್ಲಿ ಯಾರು ಕರೀತಿದ್ರು? ರಜಕ್ಕೆ ಬಂದಾಗ ಹೇಳ್ತಿದ್ರಲ್ಲ. ಸೇರೋವಾಗ ಹೆಸರಿನ ಮುಂದೆ ಒಂದು ಅಕ್ಷರ ಇದೆಯಲ್ಲ, ಅದೇನು ಅಂತ ಕೇಳಿದ್ರಂತೆ. ಇವರು ಊರು ಅಂದ್ರಂತೆ. ಬಿಡಿಸಿ ಹೇಳು ಅಂದ್ರಂತೆ, ಹೇಳಿದ್ರು. ಅದನ್ನೇ ಮೊದಲ ಹೆಸರು ಅಂತ ಹಿಡ್ಕೊಂಡ್ರು. ಆವತ್ತಿನಿಂದ ಎಲ್ರೂ ಅದನ್ನೇ ಕೂಗೋರು. ಗೊಟ್ಟಿಗೆರೆ ಇಲ್ಲಿ ಬಾ, ಗೊಟ್ಟಿಗೆರೆ ಲಾರಿ ತೆಗಿ ಅಂತ."

ನನಗೆ ಇದು ಗೊತ್ತಿರಲಿಲ್ಲ. ಗೊಟ್ಟಿಗೆರೆ ನಮ್ಮ ಊರು, ಬನ್ನೇರುಘಟ್ಟ ರಸ್ತೆಯಲ್ಲಿದೆ. ನಮ್ಮಲ್ಲಿ ಊರಿನ ಹೆಸರು ಒಂದಕ್ಷರವಾಗಿ ಮುಂದೆ ಕೂತಿರುತ್ತದೆ, ಅದನ್ನು ಯಾರೂ ಕೂಗುವುದಿಲ್ಲ. ಪಿಂಚಣಿಯ ಕಾಗದದಲ್ಲೂ ಆ ಒಂದಕ್ಷರವೇ ಇದ್ದದ್ದು. ಹಾಗಾಗಿ ನಾವು ಹುಡುಕುವಾಗ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

"ಅವರ ಜೊತೆಗಾರ ಒಬ್ಬ ಮನೆ ಹುಡುಕ್ಕೊಂಡು ಬಂದಿದ್ದ," ಚಿಕ್ಕಮ್ಮ ಮುಂದುವರಿಸಿದರು. "ಸುದ್ದಿ ಬಂದು ತಿಂಗಳಾಗಿತ್ತೋ ಏನೋ. ನಾವಾಗ ಸಿದ್ದಾಪುರದ ಬಾಡಿಗೆ ಮನೇಲಿದ್ವಲ್ಲ. ಗೊಟ್ಟಿಗೆರೆ ಘರ್, ಗೊಟ್ಟಿಗೆರೆ ಘರ್ ಅಂದ. ಅತ್ತೆ ಬಾಗಿಲಿಗೆ ಹೋಗಿ, ಗೊಟ್ಟಿಗೆರೆ ಇಲ್ಲಲ್ಲಪ್ಪ, ಬಲು ದೂರ, ಮಾರ್ಕೆಟ್ಟಿಗೆ ಹೋಗಿ ಬನ್ನೇರುಘಟ್ಟದ ಬಸ್ಸು ಹಿಡಿ ಅಂತ ದಾರಿ ತೋರಿಸಿ, ಪಾಪ ಬಿಸಿಲಲ್ಲಿ ಬಂದಿದಾನೆ ಅಂತ ಮಜ್ಜಿಗೆ ಕೊಟ್ಟು ಕಳಿಸಿದ್ರು."

ತಂಗಿ ಬಾಯಿಗೆ ಕೈ ಇಟ್ಟುಕೊಂಡಳು. "ಅಯ್ಯೋ, ಅಪ್ಪನ ಮನೆಗೇ ಬಂದೋನನ್ನ!"

"ಹೂಂ. ಅವನು ಊರಿಗೆ ಹೋಗಿ ಅಲ್ಲೂ ಗೊಟ್ಟಿಗೆರೆ ಘರ್ ಅಂದಿದಾನೆ. ಅಲ್ಲಿಯವ್ರು ನಕ್ಕು, ಇಲ್ಲಿರೋದೆಲ್ಲ ಗೊಟ್ಟಿಗೆರೆ ಮನೇನೇ, ಯಾವುದು ಬೇಕೋ ಹೋಗು ಅಂದಿದಾರೆ. ಊರಿಂದ ಯಾರೋ ಬಂದು ಹೇಳಿದಾಗ ನಂಗೆ ಹೊಳೀತು. ಅಷ್ಟೊತ್ತಿಗೆ ಅವನು ರೈಲು ಹತ್ತಿ ಹೋಗಿದ್ದ. ಏನು ಹೇಳೋಕೆ ಬಂದಿದ್ನೋ."

"ನಂಗೆ ಅವನು ನೆನಪಿದಾನೆ," ಎಂದೆ. ನಿಜಕ್ಕೂ ಕಣ್ಣಿಗೆ ಕಟ್ಟಿತ್ತು. "ದಪ್ಪ ಮೀಸೆ. ಜಗಲಿ ಮೇಲೆ ಕೂತು ಹಿತ್ತಾಳೆ ಲೋಟದಲ್ಲಿ ಮಜ್ಜಿಗೆ ಕುಡಿದ."

"ನೀನು ಸ್ಕೂಲಿಗೆ ಹೋಗಿದ್ದೆ ಕಣೋ," ಎಂದರು ಚಿಕ್ಕಮ್ಮ. "ಅವನಿಗೆ ಮೀಸೇನೇ ಇರ್ಲಿಲ್ಲ. ನಾನು ಬಾಗಿಲ ಸಂದಿಯಿಂದ ನೋಡಿದೀನಿ, ಇನ್ನೂ ಎಳೆ ಮುಖ."

ನಾನು ಎದ್ದು ಬೇರೆ ಹಲಗೆಯ ಬಳಿಗೆ ಹೋದೆ. ಈ ಸಲ ಊರಿನ ಅಕ್ಷರಕ್ಕೆ ಹೋದೆ. ಹೆಚ್ಚು ಹುಡುಕಬೇಕಾಗಿ ಬರಲಿಲ್ಲ. ನನ್ನ ಎದೆಯ ಎತ್ತರದಲ್ಲೇ ಇತ್ತು. ಮೊದಲು ಊರು, ಆಮೇಲೆ ಹೆಸರು, ಪಕ್ಕದಲ್ಲಿ ಸರಬರಾಜಿನ ಪಡೆ. ಗೊಟ್ಟಿಗೆರೆ ಎಂಬುದರಲ್ಲಿ ಒಂದು ಅಕ್ಷರ ಕಡಿಮೆ ಇತ್ತು. ಕನ್ನಡ ಬಾರದ ಯಾರೋ ಕಿವಿಗೆ ಬಿದ್ದಂತೆ ಬರೆದುಕೊಂಡದ್ದು ಹಾಗೇ ಕಲ್ಲಿಗೆ ಬಂದಿತ್ತು.

ನನ್ನೊಳಗಿನ ಗುಮಾನಿಯವನು ತಕ್ಷಣ ಎದ್ದ. ಅದೇ ಊರಿನ, ಅದೇ ಹೆಸರಿನ, ಅದೇ ಪಡೆಯ ಇನ್ನೊಬ್ಬರು ಇದ್ದಿರಬಹುದಲ್ಲ? ಆಗಿನ ಗೊಟ್ಟಿಗೆರೆ ಎಷ್ಟು ದೊಡ್ಡದಿತ್ತು ಎಂದು ನೆನೆದಾಗ ನನಗೇ ನಾಚಿಕೆಯಾಯಿತು. ಕೆರೆ, ಹೊಲ, ಕೈಬೆರಳಲ್ಲಿ ಎಣಿಸುವಷ್ಟು ಬೀದಿ. ಇಷ್ಟಕ್ಕೂ ಒಪ್ಪದಿದ್ದರೆ ಇನ್ನಾವುದಕ್ಕೆ ಒಪ್ಪುತ್ತೇನೆ ನಾನು?

"ಚಿಕ್ಕಮ್ಮ, ಬನ್ನಿ," ಎಂದು ಕೂಗಿದೆ.

ಮಗಳ ಕೈ ಹಿಡಿದು ಬಂದರು. ಕಲ್ಲಿಗೆ ಮುಖ ತೀರ ಹತ್ತಿರ ತಂದು ನೋಡಿದರು. ತಂಗಿ ಫೋಟೊ ತೆಗೆದು, ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿ ಅವರ ಕಣ್ಣಿನ ಮುಂದೆ ಹಿಡಿದಳು. ಬಸ್ಸಿನ ಬೋರ್ಡು ಓದುವಷ್ಟು ಇಂಗ್ಲಿಷ್ ಅವರಿಗೆ ಬರುತ್ತದೆ. ಒಂದೊಂದೇ ಅಕ್ಷರ ಕೂಡಿಸಿ ಮೊದಲ ಪದವನ್ನು ಗಟ್ಟಿಯಾಗಿ ಓದಿದರು: "ಗೊ... ಟ್ಟಿ... ಗೆರೆ." ಎರಡನೆಯ ಪದಕ್ಕೆ ಬಂದಾಗ ತುಟಿ ಮಾತ್ರ ಅಲುಗಿತು.

ತಂಗಿಗೆ ಅಳುವಿನ ನಡುವೆ ತಮಾಷೆ ಹೊಳೆಯಿತು. "ಅಮ್ಮ, ಸಿಕ್ಕಿಬಿದ್ದೆ! ಇಲ್ಲಿ ಅಪ್ಪನ ಹೆಸರೇ ಗೊಟ್ಟಿಗೆರೆ. ಇಷ್ಟು ವರ್ಷ ಹೇಳಲ್ಲ ಹೇಳಲ್ಲ ಅಂತ, ದಿನಾ ಹೇಳಿದೀಯ."

"ಥೂ, ಹೋಗೇ. ಅದು ಊರಿನ ಹೆಸರು."

"ಮಿಲಿಟ್ರಿಯವ್ರಿಗೆ ಅದೇ ಗಂಡನ ಹೆಸರು."

"ಅವರಿಗೆ ಗೊತ್ತಾಗಲ್ಲ ಅಂದ್ರೆ ನಿಂಗೂ ಗೊತ್ತಾಗಲ್ವಾ? ಸರಿದು ನಿಲ್ಲು, ಬೆಳಕಿಗೆ ಅಡ್ಡ ಬರ್ತಿದೀಯ." ನಾಚಿಕೆಯಲ್ಲಿ ಅವರ ಮುಖ ಎಷ್ಟು ಚಿಕ್ಕ ವಯಸ್ಸಿನದಾಯಿತೆಂದರೆ ನಾನು ಬೇರೆ ಕಡೆ ನೋಡಿದೆ.

ಆಮೇಲೆ ಅವರು ಫೋನನ್ನು ಪಕ್ಕಕ್ಕೆ ಸರಿಸಿ ಬೆರಳಿಟ್ಟರು. ಅವರೆಕಾಳು ಬಿಡಿಸುವ ಅದೇ ಬೆರಳುಗಳು ಪ್ರತಿ ಅಕ್ಷರದ ಅಂಚನ್ನೂ ಒಮ್ಮೆ ತಡವಿದವು. ಅಳಲಿಲ್ಲ. "ಕೆತ್ತೋನು ಚೆನ್ನಾಗಿ ಕೆತ್ತಿದಾನೆ. ಆಳವಾಗಿದೆ," ಎಂದರು. ಆ ದೂರದ ಸಂಬಂಧಿಯ ಮಾತನ್ನು ಎತ್ತಲಿಲ್ಲ, ನಾನು ಎತ್ತಿದೆ. "ಡ್ರೈವರುಗಳ ಹೆಸರೂ ಇದೆ ನೋಡಿ ಚಿಕ್ಕಮ್ಮ. ಅಡುಗೆಯವರದೂ ಇದೆ."

"ಇರದೆ ಏನು? ಅನ್ನ ಹೋಗ್ದಿದ್ರೆ ಗನ್ ಹಿಡಿಯೋನು ಎಲ್ಲಿ ಹಿಡೀತಿದ್ದ?" ಎಂದರು, ಇದೊಂದು ಮಾತಾಡುವ ವಿಷಯವೇ ಅಲ್ಲ ಎಂಬಂತೆ. ಅವರು ಎಂದೂ ಅನುಮಾನಪಟ್ಟಿರಲಿಲ್ಲ. ನೋಡಬೇಕೆಂದಿದ್ದರು, ಅಷ್ಟೆ. ಅನುಮಾನ ಎಲ್ಲ ನನ್ನದೇ ಇತ್ತು.

ಹೊರಡೋಣವೇ ಎಂದು ಕೇಳಿದೆ. ಅವರು ಕಲ್ಲಿನಿಂದ ಕೈ ತೆಗೆಯಲಿಲ್ಲ. ಬೆರಳನ್ನು ಒಂದು ಸಾಲು ಮೇಲಕ್ಕೆ ಸರಿಸಿದರು.

"ಮೇಲಿನ ಮನೆಯವ್ರು ಯಾರು?"

ನನಗೆ ಮೊದಲು ಅರ್ಥ ಆಗಲಿಲ್ಲ. ಆಮೇಲೆ ಮೇಲಿನ ಸಾಲಿನ ಹೆಸರು ಓದಿ ಹೇಳಿದೆ.

"ಯಾವ ಕಡೆಯವ್ರು?"

"ಹೆಸರು ನೋಡಿದ್ರೆ ಪಂಜಾಬಿನ ಕಡೆ."

"ಕೆಳಗೆ?"

"ಕೇರಳದವರಿರ್ಬೇಕು."

"ಒಳ್ಳೆ ನೆರೆಹೊರೆ," ಎಂದರು. ಆಮೇಲೆ, "ಇವರ ಮನೆಯವ್ರು ಬಂದು ನೋಡಿದಾರೋ ಇಲ್ವೋ. ಅಷ್ಟು ದೂರದಿಂದ ಎಲ್ಲಿ ಬರ್ತಾರೆ? ಬಂದ್ರೂ ನಮ್ಮ ಹಂಗೇ ಬೇರೆ ಹೆಸರಲ್ಲಿ ಹುಡುಕಿ, ಇಲ್ಲ ಅಂತ ವಾಪಸ್ ಹೋಗಿರ್ತಾರೆ. ಓದು, ಎಲ್ಲ ಓದು."

"ಎಲ್ಲ ಅಂದ್ರೆ?"

"ಈ ಕಲ್ಲಿನಷ್ಟು. ನಮ್ಮ ಬೀದಿಯಷ್ಟು ಸಾಕು."

ನಾನು ಮೇಲಿನ ಸಾಲಿನಿಂದ ಶುರುಮಾಡಿದೆ. ಬಾಯಿಗೆ ಬರದ ಹೆಸರುಗಳು, ಎಲ್ಲಿ ಒತ್ತಬೇಕು, ಎಲ್ಲಿ ಎಳೆಯಬೇಕು ಗೊತ್ತಾಗದ ಹೆಸರುಗಳು. ಯಾವುದು ಊರು, ಯಾವುದು ಅಪ್ಪನ ಹೆಸರು, ತಾಯಿ ಇಟ್ಟದ್ದು ಯಾವುದು ಎಂದು ತಿಳಿಯುವಂತಿರಲಿಲ್ಲ. ಐದಾರು ಸಾಲು ಓದುವಷ್ಟರಲ್ಲಿ ಹಳೆಯ ಅಭ್ಯಾಸ ಬಂದು ದನಿ ವೇಗ ಹಿಡಿಯಿತು. ಚಿಕ್ಕಮ್ಮ ನನ್ನ ತೋಳಿಗೆ ತಟ್ಟಿದರು.

"ಕ್ಲಾಸಲ್ಲಿ ಹಾಜರಿ ಕೂಗೋ ಹಂಗೆ ಓದ್ಬೇಡ ಮೇಷ್ಟ್ರೇ. ಊಟಕ್ಕೆ ಕರೆಯೋ ಹಂಗೆ ಓದು."

ತಂಗಿ ಛತ್ರಿ ಬಿಚ್ಚಿ ತಾಯಿಯ ಮೇಲೆ ಹಿಡಿದಳು. ಟ್ಯಾಂಕಿನ ಬಳಿ ಫೋಟೊ ತೆಗೆಸಿಕೊಂಡ ಸಂಸಾರ ಇತ್ತ ಬಂದು, ನಮ್ಮನ್ನು ಕಂಡು, ಮಾತು ನಿಲ್ಲಿಸಿ ಹಿಂದೆ ನಿಂತಿತು. ನಾನು ಮತ್ತೆ ಮೊದಲ ಸಾಲಿಗೆ ಹೋಗಿ, ಒಬ್ಬೊಬ್ಬರನ್ನೇ ಕರೆಯತೊಡಗಿದೆ.